ಆರನೆಯ ‘ಆಗುವುದಿಲ್ಲ’

ನೀರಮ್ಮ ಎನ್ನುವುದು ಅವಳ ಹೆಸರಲ್ಲ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ. ಇಪ್ಪತ್ತೆರಡು ವರ್ಷ ಆ ಪುಸ್ತಕ ಬರೆದ ನನಗೂ ಅದು ಥಟ್ಟನೆ ನೆನಪಾಗುವುದಿಲ್ಲ. ನಮ್ಮ ವೃದ್ಧರ ಮನೆಯಲ್ಲಿ ಅವಳು ಮೂವತ್ತೊಂದು ವರ್ಷ ಸ್ನಾನ ಮಾಡಿಸುವ ಕೆಲಸ ಮಾಡಿದಳು. ನಲವತ್ತು ಹಾಸಿಗೆಗಳ ಮನೆ. ಬೆಳಿಗ್ಗೆ ಐದೂವರೆಗೆ ಬಾಯ್ಲರ್ ಹೊತ್ತಿಸಿದಳೆಂದರೆ ಮಧ್ಯಾಹ್ನ ಎರಡರವರೆಗೆ ಅವಳ ಬಟ್ಟೆ ಒಣಗಿದ್ದನ್ನು ಕಂಡವರಿಲ್ಲ. ಹೆಂಗಸು ಗಂಡಸು ಎಂಬ ಭೇದವೂ ಅವಳಿಗಿರಲಿಲ್ಲ. ಎಂಬತ್ತು ದಾಟಿದ ಮೇಲೆ ಎಲ್ಲರೂ ಮಕ್ಕಳೇ ಎನ್ನುತ್ತಿದ್ದಳು.

ನನ್ನನ್ನು ಅಲ್ಲಿ ಅರ್ಜಿ ಅಕ್ಕ ಎಂದು ಕರೆಯುತ್ತಾರೆ. ನಾನು ಆಫೀಸಿನ ಗುಮಾಸ್ತೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಕುರ್ಚಿ ನನ್ನದು. ಆದರೆ ನಿಜ ಹೇಳುತ್ತೇನೆ, ಕೊಡಿಸಲು ಒದ್ದಾಡಿದ್ದೇ ಹೆಚ್ಚು.

ಸ್ನಾನದ ಮನೆ ಕಟ್ಟಡದ ಹಿಂಭಾಗದಲ್ಲಿತ್ತು. ಎತ್ತರದಲ್ಲಿ ಒಂದು ಮಸುಕು ಗಾಜಿನ ಕಿಟಕಿ, ಗೋಡೆಗೆ ಹಿಡಿದುಕೊಳ್ಳಲು ಉಕ್ಕಿನ ಸರಳು, ನಡುವೆ ಎರಡು ಮರದ ಸ್ಟೂಲು. ಎತ್ತರದ್ದರ ಮೇಲೆ ಮುದುಕರು, ಗಿಡ್ಡದ್ದರ ಮೇಲೆ ಅವಳು. ಬೆಳಗಿನ ಬಿಸಿಲು ಗಾಜಿನಲ್ಲಿ ಸೋಸಿ ಬಂದು ಆವಿಯೊಳಗೆ ಸೇರಿಕೊಂಡಿತೆಂದರೆ ಆ ಕೋಣೆಗೆ ಗೋಡೆಗಳೇ ಇಲ್ಲದಂತೆ ಆಗುತ್ತಿತ್ತು. ಯಾವುದಕ್ಕೋ ಸಹಿ ಹಾಕಿಸಲು ಹೋದ ನಾನು ಎಷ್ಟೋ ಸಲ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ನೀರು ಬೀಳುವ ಸದ್ದು, ಸೋಪಿನ ವಾಸನೆ, ಒಳಗಿನಿಂದ ಮೆಲ್ಲನೆ ಮಾತು. ಹೋದ ಕೆಲಸ ಮರೆತೇಹೋಗುತ್ತಿತ್ತು.

ಆ ಆವಿಯಲ್ಲಿ ಮುದುಕರು ತಮ್ಮ ತಮ್ಮ ಕಾಲಕ್ಕೆ ಹೊರಟುಹೋಗುತ್ತಿದ್ದರು. ಕಣ್ಣು ಮುಚ್ಚಿ ಕುಳಿತ ಟೀಚರಜ್ಜಿ, “ಬೆಲ್ ಆಯ್ತೇನೇ?” ಎಂದು ಕೇಳುವಳು. “ಇನ್ನೂ ಹತ್ತು ನಿಮಿಷ ಇದೆ ಟೀಚರ್, ನಿಧಾನವಾಗಿ ತಲೆ ಒರೆಸ್ಕೊಳ್ಳಿ” ಎನ್ನುವಳು ನೀರಮ್ಮ. ಹಡಗಿನಲ್ಲಿ ಅಡುಗೆಯವನಾಗಿದ್ದ ತಾತನಿಗೆ ಸ್ಟೂಲಿನ ಕೆಳಗೆ ನೆಲ ತೂಗಿದಂತಾಗುವುದು. “ಇವತ್ತು ಅಲೆ ಜೋರು” ಎಂದರೆ, “ಸರಳು ಹಿಡ್ಕೋ ತಾತ, ದಡ ಬಂತು” ಎನ್ನುವಳು. ಯಾಕೆ ಹಾಗೆ ಎಲ್ಲದಕ್ಕೂ ಹೂಂಗುಟ್ಟುತ್ತೀ ಎಂದು ನಾನೊಮ್ಮೆ ಕೇಳಿದೆ.

“ಅವರು ಹೋಗಿ ಬರೋವರೆಗೆ ಇಲ್ಲಿ ಮೈ ನೋಡ್ಕೊಳ್ಳೋದು ನನ್ನ ಕೆಲಸ ಅರ್ಜಿ. ಎಲ್ಲಿಗೆ ಹೋಗಿದ್ರಿ ಅಂತ ಕೇಳೋಕೆ ನಾನೇನು ಪೊಲೀಸಾ?” ಎಂದಳು.

ಹೀಗೆ ಹೇಳಿದರೆ ಬಹಳ ಮೆದು ಹೆಂಗಸು ಎಂದು ತಿಳಿಯಬೇಡಿ. ಕೆಲಸದಲ್ಲಿ ಅವಳದೊಂದು ಹಟವಿತ್ತು. ಯಾರಿಗೂ ಪೂರ್ತಿ ಸ್ನಾನ ಮಾಡಿಸುತ್ತಿರಲಿಲ್ಲ. ಬಲಗಾಲು ತಾನು ತೊಳೆದರೆ ಎಡಗಾಲು ಅವರೇ ತೊಳೆದುಕೊಳ್ಳಬೇಕು. ಬೆನ್ನು ಅವಳದು, ಹೊಟ್ಟೆ ಅವರದು. “ಅರ್ಧ ನಂದು, ಅರ್ಧ ನಿಂದು” ಎಂದು ಮಗ್ಗು ಕೈಗೆ ಕೊಟ್ಟು ಗಿಡ್ಡ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಳೆಂದರೆ ಮುಗಿಯಿತು, ಬೈದರೂ ಅಷ್ಟೇ, ಅತ್ತರೂ ಅಷ್ಟೇ. ಲಕ್ವ ಹೊಡೆದ ಒಬ್ಬ ಅಜ್ಜಿಯ ಕೈ ಸ್ಪಂಜು ಹಿಡಿದು ಮೊಣಕಾಲು ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. ಮುಟ್ಟಿದ ದಿನ ನೀರಮ್ಮ ಒದ್ದೆ ಕಾಲಲ್ಲೇ ಅಡುಗೆಮನೆಗೆ ಓಡಿ, ಎಲ್ಲರ ಚಹಾಕ್ಕೂ ಒಂದು ಚಮಚ ಹೆಚ್ಚು ಸಕ್ಕರೆ ಹಾಕಿಸಿದಳು. ಸಕ್ಕರೆ ಕಾಯಿಲೆಯವರು ಕೂಡ ಅಂದು ಸುಮ್ಮನೆ ಕುಡಿದರು.

ಇದು ಸರ್ಕಾರಕ್ಕೆ ಅರ್ಥವಾಗುವ ಮಾತಲ್ಲ. ನಮ್ಮ ಮನೆಯ ಪ್ರತಿ ಹಾಸಿಗೆಯ ಖರ್ಚೂ ಸರ್ಕಾರದ್ದೇ. ಆದರೆ ಆ ಹಾಸಿಗೆಗೆ ಬರುವವರು ಒಂದು ಪರೀಕ್ಷೆ ಪಾಸಾಗಬೇಕು, ಮತ್ತು ಅಲ್ಲಿ ಪಾಸಾಗುವುದೆಂದರೆ ಫೇಲಾಗುವುದು. ಹತ್ತು ಪ್ರಶ್ನೆ. ತಾನಾಗಿ ಊಟ ಮಾಡಲು ಆಗುತ್ತದೆಯೇ, ಮೆಟ್ಟಿಲು ಹತ್ತಲು ಆಗುತ್ತದೆಯೇ, ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ, ಹೀಗೆ. ಎದುರಿಗೆ ಎರಡೇ ಚೌಕ: ಆಗುತ್ತದೆ, ಆಗುವುದಿಲ್ಲ. ಆರು ‘ಆಗುವುದಿಲ್ಲ’ ಬಿದ್ದರೆ ಹಾಸಿಗೆ, ಐದೇ ಬಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಒಳಗಿದ್ದವರಿಗೂ ವರ್ಷಕ್ಕೊಮ್ಮೆ ಅದೇ ಪರೀಕ್ಷೆ. ಕುಂಟನಿಗೆ ಊರುಗೋಲು ಕೊಟ್ಟು, ಅವನು ನಾಲ್ಕು ಹೆಜ್ಜೆ ನಡೆದ ಕೂಡಲೇ “ಓ, ನಡೀತೀಯಲ್ಲ” ಎಂದು ಕಿತ್ತುಕೊಂಡಂತೆ. ಈ ನಿಯಮ ಬರೆದ ಪುಣ್ಯಾತ್ಮ ಯಾರೋ, ಅವನಿಗೂ ಒಂದು ದಿನ ಎಂಬತ್ತೈದು ತುಂಬಲಿ ಎಂದು ನಾನು ಮನಸಾರೆ ಹರಸಿದ್ದೇನೆ.

ಮೇಲ್ವಿಚಾರಕರು ಒಮ್ಮೆ ನೀರಮ್ಮನನ್ನು ಕರೆಸಿದರು. “ನೀನು ಇವರಿಗೆ ಕೈಕಾಲು ಬರಿಸಿದಷ್ಟೂ ನಮ್ಮ ಅನುದಾನ ಹೋಗುತ್ತಮ್ಮ. ಸುಮ್ನೆ ಎಲ್ಲಾ ನೀನೇ ಮಾಡಿಬಿಡಬಾರದಾ?”

“ಸರ್ಕಾರಕ್ಕೆ ಹೇಳೋದು ನಿಮ್ಮ ಕೆಲಸ ಸಾರ್, ನೀವು ಹೇಳಿ” ಎಂದಳು ಅವಳು. “ಅಜ್ಜಿ ಮೊಣಕೈಗೆ ಹೇಳೋದು ನನ್ನ ಕೆಲಸ, ನಾನು ಹೇಳ್ತಾ ಇದೀನಿ.”

ಇನ್ನು ನಮ್ಮ ಮುದುಕರು. ಪರೀಕ್ಷೆಯ ದಿನ ಬಂತೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ಇಸ್ತ್ರಿ ಅಂಗಿ, ಮುಖಕ್ಕೆ ಪೌಡರು, ನೀರು ಹಚ್ಚಿ ಬಾಚಿದ ನಾಲ್ಕು ಕೂದಲು. ನೆಂಟರು ಬಂದಾಗ ಹರಕು ಚಾಪೆ ಒಳಗಿಡುವ ಬುದ್ಧಿ ಎಂಬತ್ತಕ್ಕೆ ಬಿಟ್ಟುಹೋಗುತ್ತದೆಯೇ? “ಕೇಳಿದ್ರೆ ಆಗಲ್ಲ ಅನ್ನಿ” ಎಂದು ನಾನು ವಾರವಿಡೀ ಹೇಳಿಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಿವೃತ್ತ ಅಂಚೆಯವನೊಬ್ಬನಿದ್ದ, ಪೋಸ್ಟ್ ತಾತ. ಅವನು ನಾನು ಹೇಳಿಕೊಟ್ಟ ಆರಕ್ಕೂ ಗಿಣಿಯಂತೆ “ಆಗಲ್ಲ” ಎಂದ. ನಾನು ನಿಟ್ಟುಸಿರು ಬಿಟ್ಟೆ. ಪರೀಕ್ಷಕರು ಹೊರಡಲು ಎದ್ದರು. ಅವರ ಚೀಲ ಕಂಡದ್ದೇ ತಡ, ನಲವತ್ತು ವರ್ಷದ ಅಭ್ಯಾಸ, ತಾತ ಅದನ್ನು ಹೆಗಲಿಗೇರಿಸಿಕೊಂಡು ಬಸ್ ಸ್ಟಾಪಿನವರೆಗೆ ಹೊತ್ತು ಹೋಗಿ, ಅವರನ್ನು ಬಸ್ ಹತ್ತಿಸಿ, ಎದೆಯುಬ್ಬಿಸಿಕೊಂಡು ವಾಪಸು ಬಂದ. ಆ ಕಾಗದ ಬಸ್ಸಿನಲ್ಲೇ ಬದಲಾಯಿತು. ತಿಂಗಳೊಳಗೆ ತಾತ ತಮ್ಮನ ಮಗನ ಮನೆಗೆ ಹೋದ. ಎಂಟು ತಿಂಗಳಿಗೆ ಸೊಂಟದ ಮೂಳೆ ಮುರಿದುಕೊಂಡು ಸ್ಟ್ರೆಚರಿನಲ್ಲಿ ಬಂದ. ಹತ್ತಕ್ಕೆ ಹತ್ತು ‘ಆಗುವುದಿಲ್ಲ’. “ಈಗ ಫಸ್ಟ್ ಕ್ಲಾಸು, ಅರ್ಜಿ ಅಕ್ಕ” ಎಂದು ನಕ್ಕ. ನಾನು ಹಳೆ ಕಡತಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನೀರಮ್ಮ ಅರವತ್ತೆರಡಕ್ಕೆ ನಿವೃತ್ತಿಯಾದಳು. ಹೋಗುವಾಗ ಎರಡು ಸ್ಟೂಲನ್ನೂ ಬಿಸಿಲಿಗೆ ಇಟ್ಟು ಒಣಗಿಸಿ ಹೋದಳು. ಆಮೇಲೆ ಏಳು ವರ್ಷ ಅವಳ ಸುದ್ದಿ ಅಷ್ಟಾಗಿ ಇರಲಿಲ್ಲ.

ಒಂದು ಬೆಳಿಗ್ಗೆ ನಾನು ಗೇಟು ತೆಗೆಯುವಾಗ ಅವಳು ಹೊರಗೆ ನಿಂತಿದ್ದಳು. ಬರಿಗಾಲು. ಇಬ್ಬನಿಯಲ್ಲಿ ಕೂದಲು ನೆನೆದಿತ್ತು. ಬೀದಿಯಲ್ಲಿ ಇನ್ನೂ ಯಾರೂ ಇರಲಿಲ್ಲ, ಮಂಜು ಮಾತ್ರ ನೆಲದಿಂದ ಒಂದಾಳೆತ್ತರಕ್ಕೆ ನಿಂತಿತ್ತು, ಅದರೊಳಗಿಂದ ಅವಳು ಎದ್ದು ಬಂದಂತೆ ಕಂಡಳು. “ಬಾಯ್ಲರ್ ಕೀ ಕೊಡು ಅರ್ಜಿ, ಹೊತ್ತಾಯ್ತು” ಎಂದಳು. ನಾನು ತಮಾಷೆ ಎಂದುಕೊಂಡೆ. ಅವಳ ಕಣ್ಣು ನೋಡಿದೆ. ತಮಾಷೆಯಲ್ಲ.

ಆ ತಿಂಗಳು ಮೂರು ಸಲ ಬಂದಳು. ಮೂರನೆಯ ಸಲ ಹಿಂದೆಯೇ ಅವಳ ಮಗಳು ಓಡಿ ಬಂದಳು, ಕೈಯಲ್ಲಿ ತಾಯಿಯ ಚಪ್ಪಲಿ. ಮಗಳು ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಪಾಳಿ ಕೆಲಸದವಳು. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ತಾಯಿ ಮಗಳು ಇಬ್ಬರೇ. ನೀರಮ್ಮ ನಲ್ಲಿ ತಿರುಗಿಸಿ ಮರೆತು ಕೆಳಗಿನವರ ಹಾಸಿಗೆ ಎರಡು ಸಲ ತೋಯಿಸಿದ್ದಳು. ಬೀಗ ಹಾಕಿ ಹೋದರೆ ಒಳಗಿನಿಂದ ಬಾಗಿಲು ಬಡಿಯುತ್ತಾಳೆ, ಹಾಕದೆ ಹೋದರೆ ಬೀದಿ ಪಾಲು. ಕಾರ್ಖಾನೆಯವರು ಕೊನೆಯ ಎಚ್ಚರಿಕೆ ಕೊಟ್ಟಿದ್ದರು.

“ಇಲ್ಲಿ ಹಾಸಿಗೆ ಸಿಗದಿದ್ರೆ ನಾನು ಕೆಲಸ ಬಿಡ್ಬೇಕು ಅಕ್ಕ” ಎಂದಳು ಮಗಳು. “ಬಿಟ್ರೆ ಇಬ್ಬರೂ ಏನು ತಿನ್ನೋದು? ಮೂವತ್ತೊಂದು ವರ್ಷ ದುಡಿದಿದ್ದಾಳಲ್ಲ, ಅದಕ್ಕೇನೂ ಬೆಲೆ ಇಲ್ವಾ?”

ಬೆಲೆ ಇತ್ತು, ಚೌಕ ಇರಲಿಲ್ಲ. ಎಷ್ಟು ವರ್ಷ ದುಡಿದೆ ಎಂದು ಆ ಹತ್ತು ಪ್ರಶ್ನೆಯಲ್ಲಿ ಎಲ್ಲೂ ಕೇಳಿಲ್ಲ. ನಾನು ಅರ್ಜಿ ಬರೆದೆ. ಪರೀಕ್ಷೆಗೆ ಹತ್ತು ದಿನವಿತ್ತು. ದಿನಾ ಸಂಜೆ ಅವರ ಮನೆಗೆ ಹೋಗಿ ಪಾಠ ಶುರುಮಾಡಿದೆ.

“ನೀರಮ್ಮ, ಬಂದೋರು ಕೇಳ್ತಾರೆ, ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ ಅಂತ. ನೀನು ಏನಂತೀಯ?”

“ಆಗುತ್ತೆ.”

“ಆಗಲ್ಲ ಅನ್ನು.”

“ಆಗಲ್ಲ ಅಂದ್ರೆ ಕೆಲಸಕ್ಕೆ ಇಟ್ಕೋತಾರಾ?” ಎಂದು ಅವಳು ನನ್ನನ್ನೇ ಅನುಮಾನದಿಂದ ನೋಡಿದಳು. ಮಗಳ ಕಡೆ ತಿರುಗಿ, “ನೋಡೇ ಮಗಳೇ, ಇವಳು ನನ್ನ ಕೆಲಸ ಕಳೀತಾಳೆ” ಎಂದಳು. ಮಗಳು ನಗಲೂ ಆಗದೆ ಅಳಲೂ ಆಗದೆ ಕೈಗವಸಿನ ದಾರ ಕಚ್ಚಿ ಹರಿದಳು. ಹತ್ತು ದಿನದ ಪಾಠವೂ ಅಲ್ಲಿಗೇ ನಿಂತಿತು. ಬೇರೆಯವರು ಮರ್ಯಾದೆಗೆ ಅಂಜಿ ಆಗುತ್ತದೆ ಎನ್ನುತ್ತಿದ್ದರು. ಇವಳು ಕೆಲಸ ಹೋದೀತೆಂದು ಅಂಜಿ ಆಗುತ್ತದೆ ಎನ್ನುತ್ತಿದ್ದಳು. ಮನಸ್ಸಿನೊಳಗೆ ಅವಳು ಯಾವ ವರ್ಷದಲ್ಲಿದ್ದಳೋ, ಅಲ್ಲಿ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳೋ ಏನೋ.

ಪರೀಕ್ಷೆಯ ದಿನ ಮಗಳು ನೀರಮ್ಮನನ್ನು ನಮ್ಮ ವೃದ್ಧರ ಮನೆಗೆ ಕರೆತಂದಳು. ಬಂದವಳು ಹೊಸ ಪರೀಕ್ಷಕಿ. ಮೂವತ್ತು ದಾಟಿರಲಿಕ್ಕಿಲ್ಲ. ಬೆಳಿಗ್ಗೆಯಿಂದ ನಮ್ಮದು ಅವಳಿಗೆ ಆರನೆಯ ಮನೆಯಂತೆ. ಹೊಸ ಬೂಟು ಕಚ್ಚಿ ಕುಂಟುತ್ತಿದ್ದಳು. ಮಾತು ಮೆದು, ಆದರೆ ಕೇಳಿ ಬರೆದುಕೊಳ್ಳುವ ಪೈಕಿಯಲ್ಲ. “ಹೇಳೋದು ಬೇಡಮ್ಮ, ಮಾಡಿ ತೋರಿಸಿ” ಎನ್ನುತ್ತಿದ್ದಳು. ಅದು ನನಗೆ ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ನೀರಮ್ಮ ಎಲ್ಲದಕ್ಕೂ “ಆಗುತ್ತೆ ಮೇಡಂ, ಯಾಕಾಗಲ್ಲ?” ಎಂದಳು. ಗುಂಡಿ ಹಾಕಲು ಹೋಗಿ ಮೇಲಿನದನ್ನು ಕೆಳಗಿನ ತೂತಿಗೆ ತುರುಕಿ ಬಿಗಿದುಕೊಂಡಳು. ಮೆಟ್ಟಿಲ ಬಳಿ ಮೂರನೆಯದಕ್ಕೇ ನಿಂತು, ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಎಂದು ಕೇಳಿದಳು. ಮಾತ್ರೆಯನ್ನು ಜೇಬಿಗೆ ಹಾಕಿಕೊಂಡಳು. ಇಂದು ಯಾವ ವಾರ ಎಂದರೆ, “ಚಾದರ ಒಗೆಯೋ ದಿನ” ಎಂದಳು. ಒಲೆ ಹೊತ್ತಿಸಲಿಲ್ಲ. ಐದು ‘ಆಗುವುದಿಲ್ಲ’. ಊಟ, ನಡಿಗೆ, ಶೌಚ, ಕರೆದರೆ ಓಗೊಡುವುದು, ಈ ನಾಲ್ಕೂ ‘ಆಗುತ್ತದೆ’. ಉಳಿದದ್ದು ಒಂದೇ, ಹತ್ತನೆಯದು: ತನ್ನ ಸ್ನಾನ ತಾನೇ ಮಾಡಿಕೊಳ್ಳಲು ಆಗುತ್ತದೆಯೇ?

ಇಡೀ ಊರಿನಲ್ಲಿ ನೀರಮ್ಮನಿಗೆ ಬಾರದ ಕೆಲಸ ಸಾವಿರ ಇರಬಹುದು, ಇದೊಂದು ಬಾರದೇ? ಮಗಳು ನನ್ನ ಕೈ ಹಿಡಿದುಕೊಂಡಳು.

ಸ್ನಾನದ ಮನೆಗೆ ಹೋದೆವು. ಬಾಯ್ಲರ್ ಉರಿಯುತ್ತಿತ್ತು, ಆವಿ ತುಂಬಿತ್ತು. ಹೊಸ್ತಿಲು ದಾಟಿದ್ದೇ ನೀರಮ್ಮನ ಬೆನ್ನು ನೆಟ್ಟಗಾಯಿತು. ನಾವು ಮೂವರೂ ಕಣ್ಣಾರೆ ಕಂಡೆವು. ಏಳು ವರ್ಷ ಅವಳ ಮೈಯಿಂದ ಹೊದಿಕೆಯಂತೆ ಜಾರಿಬಿದ್ದವು. ಬಕೆಟ್ಟಿಗೆ ನೀರು ಬಿಟ್ಟಳು, ಬಿಸಿಗೆ ತಣ್ಣೀರು ಬೆರೆಸಿದಳು, ಮೊಣಕೈ ಅದ್ದಿ ನೋಡಿದಳು, ಇನ್ನಷ್ಟು ಬೆರೆಸಿದಳು. ನಲ್ಲಿಯನ್ನು ಮರೆಯದೆ ನಿಲ್ಲಿಸಿದಳು. ಆಮೇಲೆ ಪರೀಕ್ಷಕಿಯ ಕಡೆ ತಿರುಗಿದಳು.

“ಬಾ, ಕೂತ್ಕೋ. ಕಾಲು ಕುಂಟ್ತಾ ಇದೀಯಲ್ಲ.”

“ಅಯ್ಯೋ, ನನಗಲ್ಲಮ್ಮ...”

“ಎಲ್ಲರೂ ಮೊದಲನೇ ದಿನ ಹಾಗೇ ಅಂತಾರೆ. ನಾಚ್ಕೋಬೇಡ.”

ಆ ದನಿಗೆ ಎದುರಾಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಪರೀಕ್ಷಕಿಯೂ ಎದುರಾಡಲಿಲ್ಲ. ಎತ್ತರದ ಸ್ಟೂಲಿನ ಮೇಲೆ ಕಾಗದಗಳನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಳು. ನೀರಮ್ಮ ಗಿಡ್ಡದ್ದರ ಮೇಲೆ ಕುಳಿತು, ಅವಳ ಬೂಟು ಬಿಚ್ಚಿ, ಗುಳ್ಳೆ ಎದ್ದ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ನೀರು ಬಿಟ್ಟಳು. ಬೆರಳ ಸಂದಿಯಲ್ಲಿ, ಹರಡಿನ ಸುತ್ತ, ಗುಳ್ಳೆಯನ್ನು ಮುಟ್ಟದೆ ಸೋಪು ಓಡಾಡಿತು. ಕಿಟಕಿಯ ಬೆಳಕು ಆವಿಯಲ್ಲಿ ಕರಗಿ ಹಾಲಿನಂತಾಗಿತ್ತು. ಪರೀಕ್ಷಕಿಯ ಕಣ್ಣು ತಾನಾಗಿ ಮುಚ್ಚಿತು. ಎಷ್ಟು ಹೊತ್ತಾಯಿತೋ ನಾನು ಹೇಳಲಾರೆ. ಅವಳು ಎಲ್ಲಿಗೋ ಹೋಗಿ ಬರುತ್ತಿದ್ದಳು, ಅದು ನನಗೆ ಗೊತ್ತಾಯಿತು, ಆ ಕೋಣೆಯಲ್ಲಿ ನಾನು ಅದನ್ನು ನೂರು ಸಲ ನೋಡಿದವಳು.

“ಇನ್ನೊಂದು ಕಾಲು ನೀನೇ” ಎಂದು ನೀರಮ್ಮ ಮಗ್ಗು ಅವಳ ಕೈಗೆ ಕೊಟ್ಟಳು. ಪರೀಕ್ಷಕಿ ಬಗ್ಗಿ ತೊಳೆದುಕೊಂಡಳು. ಪೆನ್ನು ನೀರಿಗೆ ಬಿದ್ದು ತೇಲುತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಪೋಸ್ಟ್ ತಾತ ಹೊತ್ತದ್ದು ಬರೀ ಚೀಲ. ಇವಳು ಸರ್ಕಾರದ ಕಾಲನ್ನೇ ತೊಳೆದು ಕೂರಿಸಿದ್ದಾಳೆ. ಹತ್ತನೆಯ ಚೌಕಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯೇ ಆಗಿತ್ತು. ನೋಡಿಕೊಳ್ಳಲಿ, ನಮ್ಮ ನೀರಮ್ಮ ಯಾರೆಂದು ಒಂದು ಸಲ ಕಣ್ಣುಬಿಟ್ಟು ನೋಡಿಕೊಳ್ಳಲಿ ಎನಿಸಿತ್ತು.

ಪರೀಕ್ಷಕಿ ಪಾದ ಒರೆಸಿಕೊಂಡು ಬಹಳ ಹೊತ್ತು ಕಾಗದ ನೋಡಿದಳು. ಆಮೇಲೆ ಎದ್ದು, ಎತ್ತರದ ಸ್ಟೂಲಿನ ಮೇಲೆ ನೀರಮ್ಮನನ್ನು ಕೂರಿಸಿದಳು. ಮಗ್ಗಿನ ತುಂಬ ನೀರು ತುಂಬಿ ಅವಳ ಕೈಗೆ ಕೊಟ್ಟಳು.

“ಈಗ ನೀವು ಮಾಡ್ಕೊಳ್ಳಿ ಅಮ್ಮ.”

ನೀರಮ್ಮ ಮಗ್ಗು ಹಿಡಿದು ಕುಳಿತಳು. ನೀರನ್ನು ನೋಡಿದಳು. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು.

“ಇದು ಯಾರಿಗೆ?”

“ನಿಮಗೇ.”

“ನನಗೆ ಈಗ ಬೇಡ” ಎಂದಳು ನೀರಮ್ಮ. “ಎಲ್ಲರದ್ದೂ ಆಗ್ಲಿ.”

“ಎಲ್ಲರದ್ದೂ ಆಯ್ತಮ್ಮ” ಎಂದಳು ಪರೀಕ್ಷಕಿ.

“ಆಯ್ತಾ?”

ಅಷ್ಟೇ ಅಂದಳು. ಮಗ್ಗು ಹಾಗೇ ಕೈಯಲ್ಲಿತ್ತು. ಅದನ್ನು ಎಲ್ಲಿಗೆ ಒಯ್ಯಬೇಕು, ಮೊದಲು ತೋಳಿಗೋ ಕಾಲಿಗೋ, ಏನೂ ತೋಚದೆ ಅವಳು ನಮ್ಮ ಮುಖವನ್ನು ಒಂದೊಂದಾಗಿ ನೋಡಿದಳು. ಸಾವಿರಾರು ಮೈಗಳ ಗುರುತಿದ್ದ ಆ ಕೈಗೆ ತನ್ನ ಮೈ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಮಗ್ಗು ವಾಲಿ ನೀರು ನೆಲಕ್ಕೆ ಹೋಯಿತು. ಪರೀಕ್ಷಕಿ ನನ್ನ ಪೆನ್ನು ಇಸಿದುಕೊಂಡು ಗೆರೆ ಎಳೆದಳು. ಆರನೆಯ ‘ಆಗುವುದಿಲ್ಲ’.

ಹಾಸಿಗೆ ಸಿಕ್ಕಿತು. ಹತ್ತು ದಿನ ಅದಕ್ಕಾಗಿ ಬಾಯಿ ನೋಯುವಷ್ಟು ಪಾಠ ಹೇಳಿದ್ದೆ. ಸಿಕ್ಕಾಗ ನನಗಾದದ್ದು ಸಂತೋಷವಲ್ಲ. ಇದು ನಟನೆಯಾಗಿದ್ದರೆ, ನಾನು ಕಲಿಸಿದ ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಮಗಳು ಚಪ್ಪಲಿ ಬಿಟ್ಟು ಒಳಗೆ ಹೋದಳು, ತಾಯಿಯ ಕೈಯಿಂದ ಮಗ್ಗು ತೆಗೆದುಕೊಂಡಳು, ಪರದೆ ಎಳೆದಳು. ನಾವಿಬ್ಬರೂ ಈಚೆಗೆ ನಿಂತೆವು. ಪರದೆಯ ಆಚೆ ನೀರು ಬೀಳುವ ಸದ್ದು ಶುರುವಾಯಿತು, ಮೊದಲು ಹೆದರಿ ಹೆದರಿ, ಆಮೇಲೆ ಒಂದೇ ಸಮನೆ. ಆವಿ ಪರದೆಯ ಕೆಳಗಿಂದ ನಮ್ಮ ಪಾದದವರೆಗೆ ಹರಿದು ಬಂತು. ಆಮೇಲೆ ನೀರಮ್ಮನ ದನಿ ಕೇಳಿಸಿತು, ನಿದ್ದೆಗೆ ಜಾರುತ್ತಿರುವವರ ದನಿ.

“ನೀನು ಹೊಸಬಳಾ?”

ಮಗ್ಗು ಬಕೆಟ್ಟಿನಲ್ಲಿ ಮುಳುಗಿ ಎದ್ದ ಸದ್ದು.

“ಹೂಂ ಅಮ್ಮ” ಎಂದಳು ಮಗಳು. “ಇವತ್ತೇ ಬಂದೆ.”

“ಕೈ ಚೆನ್ನಾಗಿದೆ. ಹೆದರ್ಕೋಬೇಡ, ಇಟ್ಕೋತಾರೆ.”